ರೋಲು ಕಳುವು

ನನ್ನ ಹೆಂಡತಿ ಸರ್ವಮಂಗಳಾ ಲಿಂಗೈಕ್ಯಳಾದ ಒಂಬತ್ತನೆಯ ದಿನ, ಆ ಫೋಟೋ ರೋಲು ಮನೆಯಲ್ಲಿಲ್ಲವೆಂಬುದು ಗೊತ್ತಾಯಿತು.

ಇಸವಿ ೧೯೯೮, ನವೆಂಬರ್ ಇಪ್ಪತ್ತೆರಡು. ಇನ್ನೆರಡು ದಿನಕ್ಕೆ ಹನ್ನೊಂದನೆಯ ದಿನದ ಶಿವಗಣಾರಾಧನೆ. ಪೂಜೆಗೆ ಅವಳ ಫೋಟೋ ಬೇಕಿತ್ತು. ದೀಪಾವಳಿಯಲ್ಲಿ ತೆಗೆಸಿದ ಫೋಟೋಗಳಿದ್ದವು. ಎಲ್ಲದರಲ್ಲೂ ಅವಳು ಕ್ಯಾಮೆರಾ ಕಂಡು ತುಟಿ ಬಿಗಿದು ಕೂತಿದ್ದಳು. ಅದು ಅವಳ ಮುಖವಲ್ಲ. ಅವಳ ಮುಖ ಹೇಗಿತ್ತೆಂದು ನೆನೆದರೆ ನನಗೆ ಏನೂ ತೋರುತ್ತಿರಲಿಲ್ಲ. ಅಳುವೂ ಬರುತ್ತಿರಲಿಲ್ಲ.

ಅದೇ ದಿನ ತೆಗೆದು, ಇನ್ನೂ ತೊಳೆಸದ ಎರಡನೆಯ ರೋಲೊಂದಿತ್ತು. ತೆಗೆದವನು ಮೋನಪ್ಪ. ಮದ್ರಾಸಿನ ವಡಪಳನಿಯ ಸಿನಿಮಾ ಸ್ಟುಡಿಯೋಗಳಲ್ಲಿ ಫೋಟೋ ತೆಗೆದು ನಿವೃತ್ತನಾದವನು, ನಮ್ಮ ಹಳೆಯ ಸ್ನೇಹಿತ. ಮೊದಲು ಎಲ್ಲರನ್ನೂ ಸಾಲಾಗಿ ಕೂರಿಸಿ ಒಂದು ರೋಲು ಮುಗಿಸುವನು. ಆಮೇಲೆ ಕಾಫಿ ಕುಡಿಯುತ್ತ, ಹರಟುತ್ತ, ಕ್ಯಾಮೆರಾ ಇರುವುದನ್ನೇ ಜನ ಮರೆಯುವವರೆಗೆ ಕಾದು ಇನ್ನೊಂದು ತೆಗೆಯುವನು. "ಮೊದಲನೇದು ನಿಮ್ಮದು, ಎರಡನೇದು ನನ್ನದು" ಎನ್ನುವನು. ಅಂದು ನಾನು ಕೋಪಿಸಿಕೊಂಡೆ — ಹೆಂಗಸರು ಬಾಯಿ ತೆರೆದು ನಗುವ ಫೋಟೋ ಈ ಮನೆಗೆ ಬೇಡ, ಅದನ್ನು ತೊಳೆಸಬೇಡಿ ಎಂದೆ. ಮೋನಪ್ಪ ರೋಲನ್ನು ಸರ್ವಮಂಗಳಾಳ ಕೈಗೆ ಕೊಟ್ಟ. ಅವಳು ದೇವರ ಕೋಣೆಯ ತಗಡಿನ ಡಬ್ಬಿಯಲ್ಲಿಟ್ಟಳು.

ಈಗ ಡಬ್ಬಿ ಬರಿದು.

ಗೋಡೆಯ ಮೇಲಿನ ದಿನದ ಹಾಳೆ ಹರಿಯುವ ಕ್ಯಾಲೆಂಡರ್ ಅವಳು ಹೋದ ದಿನಕ್ಕೇ ನಿಂತಿತ್ತು. ಎಂಟು ಹಾಳೆಗಳನ್ನು ಒಂದೊಂದಾಗಿ ಹರಿದೆ. ಒಂದರ ಮೂಲೆಯಲ್ಲಿ ಅವಳ ಕೈಬರಹ:

"ರೋಲು ಕಳುವು. ಮೋನಪ್ಪ."

ಕೆಳಮನೆಯ ವಿಷ್ಣುಮೂರ್ತಿ ರೈಲ್ವೆಯಲ್ಲಿ ಕಾಣೆಯಾದ ಪಾರ್ಸಲುಗಳ ತನಿಖೆ ಮಾಡಿ ನಿವೃತ್ತರಾದವರು. ಹಾಳೆಯನ್ನು ಅವರಿಗೆ ತೋರಿಸಿದೆ.

"ನಿಮ್ಮ ಮನೆಯವರ ಅಕ್ಷರ ತಾನೇ?"

"ಅವಳದೇ."

"ಹಾಗಾದ್ರೆ ಮೋನಪ್ಪನೋರನ್ನ ಕರೆಸಿ."

ಮೋನಪ್ಪ ಬಂದ. ಕೂರಲಿಲ್ಲ.

"ರೋಲು ಎಲ್ಲಿ, ಮೋನಪ್ಪ?" ಎಂದೆ.

"ಅಕ್ಕನ ಕೈಗೆ ಕೊಟ್ಟಿದ್ನಲ್ಲ, ನಿಮ್ಮೆದುರಿಗೇ."

"ಆಮೇಲೆ ಈ ಮನೆಗೆ ಬಂದಿದ್ರಾ?" ವಿಷ್ಣುಮೂರ್ತಿ ಕೇಳಿದರು.

"ಎರಡು ಸಲ. ಕಾಫಿಗೆ."

"ಎರಡನೇ ರೋಲು ನನ್ನದು ಅಂತಿದ್ರಂತೆ?"

"ಮೂವತ್ತು ವರ್ಷದಿಂದ ಎಲ್ಲರ ಮನೇಲೂ ಅಂತೀನಿ ಸಾರ್. ಅದಕ್ಕೆ ಯಾರೂ ವಿಚಾರಣೆ ಇಟ್ಕೊಂಡಿರಲಿಲ್ಲ."

ಹಾಳೆಯನ್ನು ಅವನ ಮುಂದೆ ಹಿಡಿದೆ. ಓದಿದ. ಇನ್ನೊಮ್ಮೆ ಓದಿದ.

"ಅಕ್ಕ ಹೀಗೆ ಬರೆದ್ರಾ?"

"ಹೋದವಳು ಸುಳ್ಳು ಬರೆದಾಳಾ?"

ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

ಅಷ್ಟರಲ್ಲಿ ನನ್ನ ಸೊಸೆ ಪೂರ್ಣಿಮಾ ಕಾಫಿ ತಂದಳು. ಮದ್ರಾಸಿನಲ್ಲೇ ಹುಟ್ಟಿ ಬೆಳೆದವಳು.

"ನೀನೇನಾದ್ರೂ ತೆಗೆದಿಟ್ಟಿದ್ದೀಯಾಮ್ಮ?" ವಿಷ್ಣುಮೂರ್ತಿ ಕೇಳಿದರು.

"ಇಲ್ಲ ಅಂಕಲ್. ಅತ್ತೆ ಸಾಮಾನು ಯಾವುದೂ ನಾನು ಮುಟ್ಟಿಲ್ಲ. ಅವರ ಗುಡಿ ಬ್ಯಾಗ್ ಕೂಡ ಮೊಳೇಲಿ ಅಪ್ಪಡಿಯೇ, ಹಾಗೇ ಇದೆ." ಹೋಗುತ್ತ ಅಡಿಗೆಮನೆಯ ಕಡೆ ತಮಿಳಿನಲ್ಲಿ ಕೂಗಿದಳು: "ಸರಸ, ಪಾತ್ತಿರಮೆಲ್ಲಾಂ ಕಳುವಿಟ್ಟಿಯಾ?"

ಒಳಗೆ ನಲ್ಲಿಯ ಸದ್ದು ನಿಂತಿತು. ಕೆಲಸದ ಸರಸ "ಆಚ್ಚುಮ್ಮಾ", ಆಯಿತಮ್ಮಾ, ಎಂದಳು.

ವಿಷ್ಣುಮೂರ್ತಿ ಲೋಟ ಕೆಳಗಿಟ್ಟರು.

"ಗಂಗಾಧರಪ್ಪನೋರೇ, ಈ ಹಾಳೆ ಯಾವ ತಾರೀಖಿಂದು?"

ನಾನು ಅದನ್ನು ನೋಡಿಯೇ ಇರಲಿಲ್ಲ. "ಹದಿನೇಳು. ಮಂಗಳವಾರ."

"ನಿಮ್ಮವರು ಹೋದದ್ದು?"

"ಹದಿನಾಲ್ಕು. ಶನಿವಾರ ಬೆಳಗ್ಗೆ. ಕಾಫಿ ಸೋಸ್ತಾ ಇದ್ಲು..."

"ಮುಂದಿನ ಮಂಗಳವಾರ ಆಗೋ ಕಳ್ಳತನಾನ ಯಾರಾದ್ರೂ ಮೊದಲೇ ಬರೆದಿಡ್ತಾರಾ?"

ನಾನು ತಾರೀಖನ್ನು ಮತ್ತೊಮ್ಮೆ ನೋಡಿದೆ.

"ಇದು ದೂರಲ್ಲ. ಮಾಡಬೇಕಾದ ಕೆಲಸ. ಗ್ಯಾಸಿಗೆ ಹೇಳೋದು, ಹಿಟ್ಟು ಬೀಸಿಸೋದು ಅಂತ ಗುರುತು ಹಾಕ್ತೀವಲ್ಲ, ಹಾಗೆ. ಈಗ ನಿಮ್ಮ ಸೊಸೆ ಸರಸನ್ನ ಏನು ಕೇಳಿದ್ಲು?"

"ಪಾತ್ರೆ ತೊಳೆದೆಯಾ ಅಂತ."

"ಯಾವ ಮಾತಲ್ಲಿ ಕೇಳಿದ್ಲು?"

"ಕಳುವಿಟ್ಟಿಯಾ..."

ತಮಿಳಿನಲ್ಲಿ ಕಳುವು ಎಂದರೆ ತೊಳೆ. ಪಾತ್ರೆಯನ್ನೂ, ಫೋಟೋ ರೋಲನ್ನೂ ಇಲ್ಲಿ ಕಳುವುತ್ತಾರೆ. ಮದ್ರಾಸಿನಲ್ಲಿ ಮೂವತ್ತೊಂದು ವರ್ಷ ದಿನವೂ ಕೇಳಿದ ಮಾತು. ಸರ್ವಮಂಗಳಾಳ ಬಾಯಲ್ಲೂ ಕೇಳಿದ್ದೆ. ಕನ್ನಡ ಅಕ್ಷರದಲ್ಲಿ ಕಂಡಾಗ ಕನ್ನಡವೆಂದೇ ಓದಿದೆ. ಮನಸ್ಸಿನಲ್ಲಿ ಕಳ್ಳನಿದ್ದ; ಕಳ್ಳತನವೆಂದು ಓದಿದೆ.

"ಮಂಗಳವಾರ ಅವರು ಎಲ್ಲಿಗೆ ಹೋಗ್ತಿದ್ರು?"

"ವಡಪಳನಿಗೆ. ಮುರುಗನ ಗುಡಿಗೆ."

"ಮೋನಪ್ಪನ ಮನೆ?"

"ಗುಡಿಯ ಹಿಂದಿನ ಬೀದಿ."

"ಡಬ್ಬಿಯಿಂದ ರೋಲು ತೆಗೆದವರು ನಿಮ್ಮ ಮನೆಯವರೇ. ನಿಮಗೆ ತಿಳೀದ ಹಾಗೆ, ಮೋನಪ್ಪನ ಹತ್ತಿರ ತೊಳೆಸೋದಕ್ಕೆ. ಬೇಡ ಅಂದಿದ್ದು ನೀವಲ್ಲವಾ?" ಅವರು ಒಳಗೆ ತಿರುಗಿದರು. "ಪೂರ್ಣಿಮಾ, ಆ ಗುಡಿ ಬ್ಯಾಗ್ ತಗೊಂಡು ಬಾಮ್ಮ."

ಬ್ಯಾಗಿನಲ್ಲಿ ಕರ್ಪೂರ, ವಿಭೂತಿಯ ಪೊಟ್ಟಣ. ಅವುಗಳ ಕೆಳಗೆ, ಅವಳ ಕರವಸ್ತ್ರದಲ್ಲಿ ಗಂಟು ಹಾಕಿ, ರೋಲು.

ಮೆಟ್ಟಿಲಿಗೆ ಹೋದೆ. ಮೋನಪ್ಪ ಎದ್ದು ನಿಂತ. ಹಾಳೆಯ ತಾರೀಖನ್ನು ತೋರಿಸಿ, ಓದಿದ್ದರಲ್ಲಿ ನಾನು ಮಾಡಿದ ತಪ್ಪನ್ನು ಹೇಳಿದೆ.

"ಕಳ್ಳ ಅಂದುಬಿಟ್ಟೆ. ತಪ್ಪಾಯ್ತು."

ಅವನು ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ನಾಳೆ ಸಾಯಂಕಾಲದೊಳಗೆ ಕಳುವಿ ತರ್ತೀನಿ," ಎಂದ. ಆಮೇಲೆ "ತೊಳೆದು," ಎಂದು ತಿದ್ದಿಕೊಂಡ.

ತಂದ. ಒಂದು ಫೋಟೋದಲ್ಲಿ, ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಸರ್ವಮಂಗಳಾ ಕರ್ಜಿಕಾಯಿ ಮಡಿಸುತ್ತಿದ್ದಾಳೆ. ಮೂಗಿನ ಮೇಲೆ ಹಿಟ್ಟು. ಕಣ್ಣು ಮುಚ್ಚಿ, ಬಾಯಿ ತೆರೆದು ನಗುತ್ತಿದ್ದಾಳೆ. ಅವಳ ಹಿಂದೆ ಬಾಗಿಲಿಗೆ ಒರಗಿ ನಿಂತವನು ನಾನು. ನಾನೂ ನಗುತ್ತಿದ್ದೇನೆ. ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

"ನಿಮ್ಮನ್ನ ಕತ್ತರಿಸಿ ಅಕ್ಕನ್ನ ಮಾತ್ರ ದೊಡ್ಡದು ಮಾಡಲಾ?" ಮೋನಪ್ಪ ಕೇಳಿದ.

ಸತ್ತವರ ಫೋಟೋದಲ್ಲಿ ಬದುಕಿರುವವರು ಇರಬಾರದು. ಹೂಂ ಎಂದೆ.

ಹನ್ನೊಂದನೆಯ ದಿನ ಅದಕ್ಕೆ ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟು ಕೈಮುಗಿದೆ.

ಶಿವನೇ, ಈ ಮನೆಗೆ ಬೇಡವೆಂದು ನಾನು ತಡೆದ ನಗು ಈಗ ನಿನ್ನಲ್ಲಿಗೆ ಬಂದಿದೆ. ಅಲ್ಲಿ ಅದನ್ನು ಯಾರೂ ತಡೆಯದಿರಲಿ. ನಿನ್ನ ಪಾದದಲ್ಲಿ ಅವಳಿಗೆ ಶಾಂತಿಯಿರಲಿ.