ರಬ್ಬರ್ ದೋಣಿಯ ಎರಡು ತೇಪೆಗಳು

ಸೋಮವಾರ ಬೆಳಗ್ಗೆ ಹತ್ತರ ಹೊತ್ತಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ದಿನ ಕೆರೆಯಲ್ಲಿ ಗಾಳಿ ತುಂಬುವ ರಬ್ಬರ್ ದೋಣಿ ಮಗುಚಿ ಅವಳ ಗಂಡ ಸತ್ತಿದ್ದ. ಈಜು ಬಲ್ಲವನೇ. ಲಂಗರಿನ ಹಗ್ಗ ಕಾಲಿಗೆ ಸುತ್ತಿಕೊಂಡಿತ್ತು.

"ಅಂಗಡಿಯವನು ಕಳಪೆ ಮಾಲು ಕೊಟ್ಟ ಸರ್. ಅವನನ್ನ ಬಿಡಬೇಡಿ."

ಅಸಹಜ ಸಾವಿನ ಪ್ರಕರಣ ದಾಖಲಾಯಿತು. ಇನ್‌ಸ್ಪೆಕ್ಟರ್ ಕಾನ್‌ಸ್ಟೇಬಲ್ ಜೊತೆ ಕೆರೆಗೆ ಹೋಗಿ, ಪಂಚರ ಸಮಕ್ಷಮ ಪಂಚನಾಮೆ ಮಾಡಿ ದೋಣಿಯನ್ನು ವಶಕ್ಕೆ ಪಡೆದರು. ಎಡಕ್ಕೊಂದು, ಬಲಕ್ಕೊಂದು ಗಾಳಿಚೀಲ. ಎರಡರ ಮೇಲೂ ಒಂದೊಂದು ತೇಪೆ ಅಂಚು ಬಿಟ್ಟು ಮೇಲೆದ್ದಿತ್ತು.

ದೋಣಿ ಮಾರಿದವನು ಗಾಬರಿಯಾಗಿದ್ದ.

"ನಿನ್ನ ದೋಣಿ ವಾಲುತ್ತಂತೆ?"

"ಸಣ್ಣ ದೋಣಿ ಸರ್, ಒಂದೇ ಕಡೆ ಕೂತ್ರೆ ವಾಲುತ್ತೆ. ಆದ್ರೆ ಒಂದು ಚೀಲದ ಗಾಳಿ ಹೋದ್ರೆ ಇನ್ನೊಂದು ಹಿಡ್ಕೊಳ್ಳುತ್ತೆ. ಎರಡೂ ಒಟ್ಟಿಗೆ ಹೋಗಿದ್ದನ್ನ ನಾನು ನೋಡಿಲ್ಲ. ಅದೂ ಇಷ್ಟು ವರ್ಷ ಬಾಳಿಕೆ ಬಂದ ದೋಣಿ!"

ಪ್ರಯೋಗಾಲಯದ ವರದಿ ಮುಂದಿನ ವಾರ ಬಂತು. ಹಳೆಯ ತೇಪೆಗಳನ್ನು ಕಿತ್ತು ಮತ್ತೆ ಅಂಟಿಸಲಾಗಿತ್ತು. ಅಂಟಿಸಿದ್ದು ಕಾಗದಕ್ಕೆ ಹಚ್ಚುವ ಗೋಂದಿನಿಂದ.

ಇನ್‌ಸ್ಪೆಕ್ಟರ್ ಹೆಂಗಸನ್ನು ಕರೆಸಿದರು. "ಪಂಚರ್ ಯಾರು ಹಾಕ್ತಿದ್ರು?"

"ನಮ್ಮ ಬಾವ, ಇವರ ಅಣ್ಣ. ಟೈರ್ ಅಂಗಡಿ ಇದೆಯಲ್ಲ ಅವರದು..."

ಅಂದೇ ಎಫ್‌ಐಆರ್ ದಾಖಲಾಯಿತು. ಬಾವನ ಮನೆಯಲ್ಲಿ ಅವನ ಹೆಂಡತಿ ಇದ್ದಳು. ಮಗಳು ಪ್ರತಿ ಭಾನುವಾರ ಚಿಕ್ಕಪ್ಪನ ಜೊತೆ ದೋಣಿಯಲ್ಲಿ ಹೋಗುತ್ತಿದ್ದಳೆಂದು ತಿಳಿಯಿತು.

"ಆ ಭಾನುವಾರ ಯಾಕೆ ಹೋಗಲಿಲ್ಲ?"

"ನಮ್ಮನೆಯವರೇ ಬೇಡ ಅಂದ್ರು. ಹೋಂವರ್ಕ್ ಇದೆ ಅಂತ ಗದರಿಸಿ ಕೂರಿಸಿದ್ರು."

ಟೈರ್ ಅಂಗಡಿಯವನು ಠಾಣೆಯಲ್ಲಿ ಹೆಚ್ಚು ಹೊತ್ತು ಸುಳ್ಳು ಹೇಳಲಿಲ್ಲ. ಬೇಸಿಗೆಯಲ್ಲೊಮ್ಮೆ ದೋಣಿ ವಾಲಿ ಮಗಳು ನೀರಿಗೆ ಬಿದ್ದಿದ್ದಳು. ತಮ್ಮನೇ ಅವಳ ಜುಟ್ಟು ಹಿಡಿದು ಎತ್ತಿದ್ದ. ಮನೆಗೆ ಬಂದು, ಮೀನಿಗೂ ಇವಳು ಬೇಡವಾದಳು ಎಂದು ನಕ್ಕಿದ್ದ.

"ಆ ನಗು ಮರೆಯೋಕಾಗಲಿಲ್ಲ ಸರ್. ಕರ್ಕೊಂಡು ಹೋಗಬೇಡ ಅಂತ ಹೇಳಿ ಹೇಳಿ ನಾಲಿಗೆ ಸವೆಯಿತು. ಕೇಳಲಿಲ್ಲ. ಗೋಂದು ಹಚ್ಚಿದ್ರೆ ದಡದಲ್ಲೇ ಗಾಳಿ ಹೋಗುತ್ತೆ, ಬೇಜಾರಾಗಿ ದೋಣಿ ಬಿಸಾಕ್ತಾನೆ ಅಂದ್ಕೊಂಡೆ. ದೇವರಾಣೆಗೂ ಅಷ್ಟೇ."

"ದಡದಲ್ಲೇ ಹೋಗುತ್ತೆ ಅನ್ನೋ ನಂಬಿಕೆ ಇದ್ದಿದ್ರೆ ಮಗಳನ್ನ ಯಾಕೆ ತಡೆದೆ?"

ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿ ಕಾದ. ಕೊನೆಗೆ ಇನ್‌ಸ್ಪೆಕ್ಟರ್, ಆರೋಪಿ ಉತ್ತರಿಸಲಿಲ್ಲ ಎಂದೇ ಬರೆಸಿದರು. ಕೊಲೆಯಲ್ಲದ ಮಾನವ ಹತ್ಯೆಯ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು.

ಹೇಳಿಕೆಗೆ ಸಹಿ ಹಾಕಲು ಬಂದ ಹೆಂಗಸಿಗೆ ಇನ್‌ಸ್ಪೆಕ್ಟರ್ ಎಲ್ಲವನ್ನೂ ವಿವರಿಸಿದರು. ಅವಳು ಅಳಲಿಲ್ಲ.

"ಮಗು ಬಿದ್ದಿದ್ದು ನನಗೆ ಗೊತ್ತೇ ಇರಲಿಲ್ಲ ಸರ್. ಅಣ್ಣತಮ್ಮ ಇಬ್ಬರೂ ಹೇಳಲಿಲ್ಲ," ಎಂದಳು. "ಬಾವ ನನಗೊಂದು ಮಾತು ಹೇಳಿದ್ರೆ, ಆ ದೋಣಿಗೆ ನಾನೇ ಕತ್ತರಿ ಹಾಕ್ತಿದ್ನಲ್ಲ."