ಅತ್ತೆಗೆ ಬಂದ ಕರೆ

"ಮದರ್ ಕೇಳಿದಾಗ ನಾನು ತಲೆಯಾಡಿಸಿದೆ, ಅಷ್ಟೇ. ಬಾಯಿಬಿಟ್ಟು ಹೂಂ ಅನ್ನಲಿಲ್ಲ. ತಲೆಯಾಡಿಸಿದ್ದೂ ಸುಳ್ಳು ಹೇಳಿದ ಲೆಕ್ಕವೇ?"

ಡೈರಿಯಲ್ಲಿ ಇಷ್ಟು ಬರೆದು, ಬರೆದದ್ದನ್ನು ತಾನೇ ಮೂರು ಸಲ ಓದಿಕೊಂಡು, ಅವಳು ಪುಸ್ತಕವನ್ನು ದಿಂಬಿನ ಚೀಲದೊಳಕ್ಕೆ ತುರುಕಿದಳು. ಅಡುಗೆಮನೆಯಿಂದ ಕಬ್ಬಿಣದ ಅಚ್ಚು ಮುಚ್ಚಿದ ಸದ್ದು ಬಂತು. ಅತ್ತೆ, ಅಂದರೆ ಅಪ್ಪನ ಅಕ್ಕ, ಬೆಳಗಿನ ಕೆಲಸಕ್ಕೆ ಕೂತಾಗಿತ್ತು.

ಮನೆಯಲ್ಲಿ ಅವಳನ್ನು 'ಮೂಗಿ' ಎಂದೇ ಕರೆಯುತ್ತಿದ್ದರು. ಮಾತು ಬಾರದವಳೇನಲ್ಲ, ಗಂಟಲಿನವರೆಗೆ ಬಂದ ಮಾತು ಅಲ್ಲೇ ಕೂತು, ಹೊರಗೆ ಹೋಗಲೋ ಬೇಡವೋ ಎಂದು ಯೋಚಿಸುತ್ತಿತ್ತು. ಅಂಥವಳಿಗೆ ದೂರದ ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಅಧ್ಯಾತ್ಮದ ಮೇಲೆ ಪಿಎಚ್‌ಡಿ ಮಾಡಲು ಸೀಟು ಸಿಕ್ಕಿತ್ತು. ಸೀಟು ಅವಳ ಓದಿನಿಂದಲೇ ಸಿಕ್ಕಿದ್ದು. ತೊಡಕಾದದ್ದು ಉಳಿದುಕೊಳ್ಳುವ ಕೋಣೆಯಿಂದ. ವಿಶ್ವವಿದ್ಯಾಲಯದ ಪಕ್ಕದ ಕಾನ್ವೆಂಟಿನಲ್ಲಿ ಕೋಣೆಗಳಿದ್ದವು. ಆದರೆ ಮುಂದೆ ಸಿಸ್ಟರ್ ಆಗಲು ಮನಸ್ಸು ಮಾಡಿದ ಹುಡುಗಿಯರಿಗೆ ಮಾತ್ರ. ಅತ್ತೆ ಯಾರನ್ನೂ ಕೇಳದೆ ನೇರ ಅದೇ ಸಂಸ್ಥೆಯ ಇಲ್ಲಿಯ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಬಳಿ ಹೋಗಿ, "ನಮ್ಮ ಹುಡುಗಿಗೆ ಸಿಸ್ಟರ್ ಆಗೋ ದೈವಕರೆ ಬಂದಿದೆ" ಎಂದು ಹೇಳಿಬಂದಿದ್ದಳು. ಪೂಜೆಗಳ ಬಗ್ಗೆ, ಪ್ರಾರ್ಥನೆಯ ಬಗ್ಗೆ ಡಾಕ್ಟರೇಟ್ ಮಾಡುವ ಹುಡುಗಿ ಕಾನ್ವೆಂಟ್ ಸೇರದೆ ಇನ್ನೆಲ್ಲಿಗೆ ಹೋಗುತ್ತಾಳೆ? ಅತ್ತೆಯ ಮಟ್ಟಿಗೆ ಅದು ಸುಳ್ಳೇ ಅಲ್ಲ. ಕಳೆದ ಭಾನುವಾರ ಮದರ್ "ಹೌದೇನಮ್ಮಾ?" ಎಂದು ಕೇಳಿದಾಗ, ಪಕ್ಕದಲ್ಲಿ ನಿಂತಿದ್ದ ಅತ್ತೆಯ ಮುಖ ನೋಡಿ ಅವಳ ತಲೆ ತಾನಾಗಿ ಆಡಿಬಿಟ್ಟಿತ್ತು!

ಆ ಮುಖವನ್ನು ನೋಡಿ ಇಲ್ಲ ಎನ್ನುವುದು ಹೇಗೆ? ಇಪ್ಪತ್ತನಾಲ್ಕು ವರ್ಷದ ಹಿಂದೆ ಅತ್ತೆಯೂ ಸಿಸ್ಟರ್ ಆಗಲೆಂದು ಕಾನ್ವೆಂಟಿನಲ್ಲಿದ್ದವಳು. ವ್ರತ ಸ್ವೀಕರಿಸಲು ಹದಿನಾಲ್ಕೇ ದಿನ ಬಾಕಿ ಇದ್ದಾಗ, ಹೆರಿಗೆಯಲ್ಲಿ ಹೆಂಡತಿಯನ್ನು ಕಳೆದುಕೊಂಡ ತಮ್ಮ, ಹಸುಗೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ಅಲ್ಲಿಯ ಬಾಗಿಲಿಗೆ ಬಂದು ನಿಂತಿದ್ದ. "ನಾಲ್ಕು ದಿನ ಇದ್ದು ಬರ್ತೀನಿ" ಎಂದು ಹೊರಟವಳು ಮತ್ತೆ ಅಲ್ಲಿಗೆ ಇರಲು ಹೋಗಲಿಲ್ಲ. ಅಂದಿನಿಂದ ಇಂದಿನವರೆಗೂ ಚರ್ಚಿನ ಪೂಜೆಗೆ ಬೇಕಾದ ತೆಳ್ಳನೆಯ ಬಿಳಿ ರೊಟ್ಟಿಗಳನ್ನು ಸುಟ್ಟುಕೊಟ್ಟು ಮನೆ ನಡೆಸಿದಳು. ಆ ಹಸುಗೂಸೇ ಈ ಮೂಗಿ...

ಅವಳು ಬಂದು ಅತ್ತೆಯ ಎದುರು ಕೂತಳು. ಸುಟ್ಟ ರೊಟ್ಟಿಯ ಹಾಳೆಗಳನ್ನು ಒದ್ದೆ ಬಟ್ಟೆಯ ನಡುವೆ ಇಟ್ಟು, ಮೆತ್ತಗಾದ ಮೇಲೆ ದುಂಡಗೆ ಕತ್ತರಿಸುವುದು ಅವಳ ಕೆಲಸ. ಒಣಗಿದ್ದಾಗ ಕತ್ತರಿಸಿದರೆ ಪುಡಿಪುಡಿ. ನೆಂದದ್ದು ಸ್ವಲ್ಪ ಹೆಚ್ಚಾದರೂ ಅಂಚು ಮಡಚಿಕೊಳ್ಳುತ್ತದೆ.

"ಅತ್ತೆ..." ಎಂದಳು, ಕತ್ತರಿಸುತ್ತಲೇ. "ಕರೆ ಬರೋದು ಅಂದ್ರೆ ಹೇಗಿರುತ್ತೆ? ಕಿವಿಗೆ ಕೇಳಿಸುತ್ತಾ? ಎದೇಲಿ ಏನಾದ್ರೂ ಆಗುತ್ತಾ? ಒಂದೇ ಸಲ ಬರುತ್ತಾ, ದಿನಾ ಬರುತ್ತಾ?"

ಅತ್ತೆ ಅಚ್ಚು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನಕ್ಕಳು. "ಚೆನ್ನಾಗಿದೆ ಕಣೇ! ಬಂದಿರೋದು ನಿನಗೆ, ಕೇಳೋದು ನನ್ನನ್ನಾ?"

ಬಾಗಿಲಲ್ಲಿ ನಿಂತು ಅಂಚಿನ ತುಂಡುಗಳನ್ನು ಮೆಲ್ಲುತ್ತಿದ್ದ ಅಪ್ಪ ಮಾತ್ರ ನಗಲಿಲ್ಲ. ಅವನು ಪುಸ್ತಕ ಬೈಂಡ್ ಮಾಡುವವನು. "ಎಷ್ಟೋ ಜನರ ಪಿಎಚ್‌ಡಿಗೆ ರಟ್ಟು ಹಾಕಿದೀನಿ, ಒಂದನ್ನೂ ಓದಿಲ್ಲ. ನಿನ್ನದನ್ನ ಓದ್ತೀನಿ ಮಗಳೇ, ನಿಧಾನಕ್ಕೆ ಬರಿ" ಎಂದು ಅಂಗಿಗೆ ಕೈ ಒರೆಸಿಕೊಂಡ.

ಹತ್ತು ಗಂಟೆಗೆ ಮದರ್ ಬಂದರು. ಕೋಣೆಯ ಅರ್ಜಿಗೆ ಅಪ್ಪನ ಸಹಿ ಬೇಕಿತ್ತು. ಮನೆಯವರ ಎದುರು ಹುಡುಗಿಯ ಬಾಯಿಂದಲೇ ಒಪ್ಪಿಗೆ ಕೇಳುವುದೂ ಅವರ ಪದ್ಧತಿ. ಕುರ್ಚಿಯ ತುದಿಯಲ್ಲಿ ಕೂತು, ಕನ್ನಡಕ ಏರಿಸಿಕೊಂಡು, ಕಾಗದ ಬಿಡಿಸಿದರು.

"ನೋಡಮ್ಮಾ, ಅವತ್ತು ತಲೆಯಾಡಿಸಿದೆ. ತಲೆ ನಮ್ಮ ಕಾನ್ವೆಂಟಿನ ಕೋಳೀನೂ ಆಡಿಸುತ್ತೆ. ಇವತ್ತು ಬಾಯಲ್ಲಿ ಹೇಳು. ನಿನಗೆ ಕರೆ ಬಂದಿದೆಯಾ?"

"ಬಂದಿದೆ ಮದರ್! ಅವಳಿಗೆ ನಾಚಿಕೆ. ನಾನು ಹೇಳ್ತೀನಲ್ಲ..." ಅತ್ತೆ ಮುಂದೆ ಬಂದಳು.

"ನಿಮ್ಮನ್ನ ಕೇಳಲಿಲ್ಲ."

ಹೌದು ಎಂದರೆ ಕೋಣೆ, ಓದು, ಅತ್ತೆಯ ಸಂತೋಷ ಎಲ್ಲವೂ ಸಿಗುತ್ತದೆ. ಆದರೆ ಹಾಗೆಂದು ಓದಲು ಕೂತರೆ, ಪ್ರತಿ ಪುಟದ ಕೆಳಗೂ ಆ ಒಂದು ಸುಳ್ಳು ಇರುತ್ತದೆ...

"ಇಲ್ಲ" ಎಂದಳು, ನೆಲಕ್ಕೆ ಕೇಳುವಷ್ಟು ಮೆಲ್ಲಗೆ.

"ಏನಂದೆ?" ಅತ್ತೆಯ ದನಿ ಸೀಳಿತು. "ಏನಂದೇ ಮೂಗೀ?"

"ನನಗೆ ಕರೆ ಬಂದಿಲ್ಲ ಅತ್ತೆ. ಪ್ರಾರ್ಥನೆಗೆ ಕೂತ್ರೆ ನನಗೆ ಏನೂ ಕೇಳಿಸಲ್ಲ. ಗಡಿಯಾರದ ಸದ್ದು ಬಿಟ್ರೆ..."

"ಅಯ್ಯೋ ದೇವರೇ!" ಅತ್ತೆ ಎರಡೂ ಕೈಗಳಿಂದ ಎದೆ ಒತ್ತಿಕೊಂಡಳು. "ಇದನ್ನ ಕೇಳೋಕಾ ನಾನು ಇಷ್ಟು ವರ್ಷ ಬೆಂಕಿ ಮುಂದೆ ಕೂತಿದ್ದು! ನಾನು ಅಲ್ಲಿ ಬಿಟ್ಟುಬಂದ ಜಾಗ ಖಾಲಿ ಇದೆ, ನನ್ನ ಕೂಸು ಹೋಗಿ ಅದನ್ನ ತುಂಬ್ತಾಳೆ, ಆಗ ಆ ದೇವರ ಮುಂದೆ ತಲೆಯೆತ್ತಿ ನಿಲ್ತೀನಿ ಅಂತ... ಎಷ್ಟು ಆಸೆ ಇಟ್ಕೊಂಡಿದ್ದೆ!"

"ಅಕ್ಕಾ, ಸಾಕು. ಅದು ನಿನ್ನ ಆಸೆ. ಮಗು ಏನು ಮಾಡುತ್ತೆ?" ಎಂದ ಅಪ್ಪ.

"ನೀನು ಸುಮ್ಮನಿರೋ! ಟವೆಲಲ್ಲಿ ಸುತ್ಕೊಂಡು ಬಂದವನು ನೀನೇ!"

ಅಪ್ಪ ತಲೆ ತಗ್ಗಿಸಿದ. ಮದರ್ ಕಾಗದವನ್ನು ಮೆಲ್ಲಗೆ ಮಡಚಿದರು. "ಕೋಣೆ ಕೊಡೋಕಾಗಲ್ಲಮ್ಮಾ. ನಿಯಮ ನಿಯಮವೇ. ಆದ್ರೆ ಇವತ್ತು ನಿಜ ಹೇಳಿದ್ಯಲ್ಲ, ನಿಜ ಹೇಳೋ ಹುಡುಗೀರಿಗೆ ಆ ಊರಲ್ಲಿ ಬಾಡಿಗೆ ಮನೆ ಹುಡುಕಿಕೊಡೋದು ನನಗೆ ಗೊತ್ತು." ಎದ್ದು ಬಾಗಿಲವರೆಗೆ ಹೋದವರು ಅತ್ತೆಯ ಭುಜ ಮುಟ್ಟಿದರು. "ಆ ಜಾಗ ಆವತ್ತೇ ತುಂಬಿತು ಕಣ್ರೀ. ದೇವರು ಯಾರಿಗಾಗೀನೂ ಕುರ್ಚಿ ಕಾದಿಡಲ್ಲ" ಎಂದು ಹೊರಟುಹೋದರು.

ಅತ್ತೆ ಅವರ ಬೆನ್ನನ್ನೇ ನೋಡುತ್ತಾ ನಿಂತಳು. ಆಮೇಲೆ ಕಣ್ಣೊರೆಸಿಕೊಂಡು, ಬೇರೆ ಯಾರದೋ ದನಿಯಲ್ಲಿ ಹೇಳಿದಳು: "ಹೋಗು. ಓದ್ಕೋ. ನಿನ್ನನ್ನ ತಡೆಯೋಕೆ ನನಗೇನು ಹಕ್ಕು? ಹೆತ್ತವಳಾ ನಾನು?"

ಆ ಮಾತು ಮೂಗಿಯ ಎದೆಗೆ ನೇರ ನಾಟಿತು. ಅತ್ತೆ ಅಡುಗೆಮನೆಯತ್ತ ಎರಡು ಹೆಜ್ಜೆ ಇಟ್ಟವಳು ತಡೆಯಲಾರದೆ ತಿರುಗಿದಳು.

"ಕರೆಯೂ ಬಂದಿಲ್ಲ, ಪ್ರಾರ್ಥನೇಲಿ ಏನೂ ಕೇಳಿಸೋದೂ ಇಲ್ಲ. ಮತ್ಯಾಕೇ ಅದನ್ನೇ ಓದ್ತೀಯಾ? ಜಗತ್ತಲ್ಲಿ ಬೇರೆ ವಿದ್ಯೆ ಇರಲಿಲ್ವಾ?"

ಗಂಟಲಿನವರೆಗೆ ಬಂದ ಮಾತು ಅಂದು ಯೋಚಿಸಲಿಲ್ಲ. ಹುಡುಗಿ ಅತ್ತೆಯ ಹಿಟ್ಟುಮೆತ್ತಿದ ಕೈಯನ್ನು ಹಿಡಿದುಕೊಂಡಳು. ಚಿಕ್ಕವಳಿದ್ದಾಗ ಹಿಡಿದದ್ದು ಬಿಟ್ಟರೆ ಆ ಕೈಯನ್ನು ಹೀಗೆ ಹಿಡಿದದ್ದೇ ಇಲ್ಲ.

"ನಿಮ್ಮಿಂದ ಅತ್ತೆ. ನಿಮಗೆ ಅಲ್ಲಿ ದೇವರು ಕರೀತಿದ್ದಾನೆ ಅಂತ ಖಂಡಿತ ಗೊತ್ತಿತ್ತು. ಆದ್ರೂ ಬಾಗಿಲಲ್ಲಿ ನಾನು ಅತ್ತಾಗ ಎದ್ದು ಬಂದ್ರಿ. ನನ್ನ ಅಳುವಲ್ಲಿ ನಿಮಗೆ ಏನು ಕೇಳಿಸ್ತು ಅಂತ ನೀವು ಯಾವತ್ತೂ ಹೇಳಲಿಲ್ಲ. ಅದನ್ನ ತಿಳ್ಕೊಳ್ಳೋವರೆಗೂ ನಾನು ಓದ್ತಾನೇ ಇರ್ತೀನಿ."