ಬೆಳ್ಳುಳ್ಳಿ ಇಲ್ಲದ ಮೂರು ಡಬ್ಬಿ

ಬಾಗಿಲು ತೆಗೆದರೆ ಡಬ್ಬಿ ಮಹಾರಾಜ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ, ಕೈಯಲ್ಲಿ ಮೂರು ಸ್ಟೀಲ್ ಡಬ್ಬಿ.

"ಏನು ಮೇಡಂ, ಒಳಗೆ ಕರೀತೀರೋ, ಇಲ್ಲೇ ಮೆಟ್ಟಿಲ ಮೇಲೇ ರುಚಿ ನೋಡ್ತೀರೋ?"

ಇವನನ್ನು ಮನೆಯ ಬಾಗಿಲಲ್ಲಿ ಕಾಣಬೇಕೆಂದು ಎಷ್ಟು ದಿನ ಆಸೆಪಟ್ಟಿದ್ದೆನೋ! ಆದರೆ ಇವತ್ತು ಮಾತ್ರ ಬರಬಾರದಿತ್ತು.

ನಾನು ಕನ್ನಡಕದ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿನ ಹನ್ನೊಂದು ಜನಕ್ಕೂ ಮಧ್ಯಾಹ್ನದ ಊಟ ಇವನದೇ. ಡಬ್ಬಿ ಮಹಾರಾಜ ಎಂದು ಹೆಸರಿಟ್ಟವಳೂ ನಾನೇ. ವರ್ಷದಿಂದ ದಿನಾ ಒಂದೂಕಾಲಿಗೆ ಬರುತ್ತಾನೆ, ಎಲ್ಲರ ಡಬ್ಬಿಯನ್ನು ಮೇಜಿನ ಮೇಲಿಟ್ಟು ನನ್ನದನ್ನು ಮಾತ್ರ ಕೈಗೇ ಕೊಡುತ್ತಾನೆ. "ಉಪ್ಪು ಸರಿ ಇದೆಯಾ?" ಎಂದು ಕೇಳುತ್ತಾನೆ. ಇದೆ ಅಂದರೂ ಹೋಗುವುದಿಲ್ಲ, ಇಲ್ಲ ಅಂದರಂತೂ ಹೋಗುವುದೇ ಇಲ್ಲ. ನಮ್ಮ ನಡುವೆ ಇದ್ದದ್ದು ಇಷ್ಟೇ. ಇಷ್ಟಕ್ಕೇ ನಾನು ಭಾನುವಾರಗಳಿಗೆ ಶಾಪ ಹಾಕುವಷ್ಟು ಕೆಟ್ಟುಹೋಗಿದ್ದೆ.

ಡಬ್ಬಿಯ ಮುಚ್ಚಳದ ಮೇಲಿದ್ದ ನಂಬರಿಗೆ ಇವತ್ತು ಬೆಳಿಗ್ಗೆ ಅಮ್ಮನೇ ಫೋನ್ ಮಾಡಿ, ನಾಳೆ ಮನೆಗೆ ಐದು ಜನ ಊಟಕ್ಕೆ ಬರುತ್ತಾರೆ, ನಮ್ಮ ಹುಡುಗಿ ನಿಮ್ಮ ಕೈರುಚಿಯನ್ನು ಹೊಗಳುತ್ತಲೇ ಇರುತ್ತಾಳೆ ಎಂದಿದ್ದಳು. ಯಾಕೆ ಬರುತ್ತಾರೆ ಎಂದು ಹೇಳಿರಲಿಲ್ಲ. ಪಾಪ, ಇವನು ನೆಂಟರ ಮನೆಗೆ ಹೊರಟವನ ಹಾಗೆ ಸಿಂಗರಿಸಿಕೊಂಡು ಬಂದಿದ್ದ.

"ಮೀನು, ಕೋಳಿ, ಅಣಬೆ. ಮೂರನ್ನೂ ಸ್ವಲ್ಪ ಸ್ವಲ್ಪ ಮಾಡಿ ತಂದಿದ್ದೀನಮ್ಮಾ," ಎಂದು ಡಬ್ಬಿಗಳನ್ನು ಸಾಲಾಗಿ ಇಟ್ಟ. "ಮುಖ್ಯ ಐಟಂ ಯಾವುದು ಅಂತ ಆರು ಗಂಟೆ ಒಳಗೆ ಹೇಳ್ಬಿಡಿ. ಮಸಾಲೆ ಹಚ್ಚಿ ಇವತ್ತೇ ಇಡಬೇಕು. ಹಚ್ಚಿದ ಮೇಲೆ ಬದಲಾಯ್ಸೋಕಾಗಲ್ಲ."

"ಅವಳೇ ಆರಿಸ್ಲಿ ಸರ್," ಎಂದಳು ಅಮ್ಮ. "ಅವಳ ಮದುವೆ ಮಾತು ಮುಗಿಸೋಕೇ ತಾನೇ ಅವರು ಬರ್ತಿರೋದು."

ಅವನ ನಗು ಒಮ್ಮೆಲೇ ಹೋಗಲಿಲ್ಲ. ಮೊದಲು ಕಣ್ಣಿನಿಂದ ಹೋಯಿತು, ಆಮೇಲೆ ತುಟಿಯಿಂದ. ತೆಗೆದಿದ್ದ ಮುಚ್ಚಳವನ್ನು ಮತ್ತೆ ಹಾಕಿ, ಮತ್ತೆ ತೆಗೆದ.

ಕಾರಣ ಇಷ್ಟು. ಅಪ್ಪನ ಎದೆಯ ಆಪರೇಷನ್ ಆದಾಗ ಅವರ ಸ್ನೇಹಿತರೊಬ್ಬರು ಇಪ್ಪತ್ತೊಂದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದರು. ಅವರನ್ನು ನಾನು ಮಾವ ಎಂದೇ ಕರೆಯುವುದು. ಒಂದು ದಿನ ಕಾರಿಡಾರಿನಲ್ಲಿ, "ನಮ್ಮ ಮನೆಗೇ ಬಂದುಬಿಡಮ್ಮ, ನಮ್ಮ ಹುಡುಗನಿಗೂ ನೀನಂದ್ರೆ ಇಷ್ಟ," ಎಂದರು. ನಿದ್ದೆಗೆಟ್ಟು ನನ್ನ ಕಣ್ಣು ಉರಿಯುತ್ತಿತ್ತು. "ಹೂಂ," ಎಂದೆ. ಆರು ತಿಂಗಳಲ್ಲಿ ಆ ಒಂದು ಹೂಂ ಬೆಳೆದು ಈ ಊಟದವರೆಗೆ ಬಂದಿತ್ತು.

ಮಾವನ ಮಗ ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಜಗಳವಾಡಿ ಬಿಡಿಸಿಕೊಳ್ಳಬಹುದಿತ್ತು. ಅವನು ಒಳ್ಳೆಯವನು. ಮಾವ ದೇವರಂಥವರು. ಅಮ್ಮ ಈಗೀಗ ನಗುತ್ತಿದ್ದಾಳೆ. ಯಾರನ್ನು ಬಯ್ಯಲಿ? ಎಲ್ಲರೂ ಸೇರಿ ಪ್ರೀತಿಯಿಂದಲೇ ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರು, ಉಸಿರಾಡಲೂ ಜಾಗವಿರಲಿಲ್ಲ.

ಅಮ್ಮ ನನ್ನ ಕೈಗೆ ಚಮಚ ಕೊಟ್ಟಳು. "ಬೇಗ ಹೇಳೇ. ಮೀನು?"

"ಮುಳ್ಳು ಜಾಸ್ತಿ."

"ಕೋಳಿ?"

"ಒಣಕಲು."

"ರಸದಲ್ಲಿ ಮುಳುಗಿದೆ, ಒಣಕಲಂತೆ! ಅಣಬೆ?"

"ಅಣಬೆ ಥರಾನೇ ಇದೆ."

ಸೋಫಾದಲ್ಲಿ ಕೂತಿದ್ದ ಅಪ್ಪ ಪೇಪರ್ ಇಳಿಸಿ ನನ್ನ ಮುಖ ನೋಡಿದರು. ನಾನು ಚಮಚ ಕಚ್ಚಿಕೊಂಡು ಸುಮ್ಮನಾದೆ. ಹೆಸರು ಹೇಳಿದರೆ ಮುಗಿಯಿತು, ಮಸಾಲೆ ಹಚ್ಚುತ್ತಾರೆ, ನಾಳೆಯಾಗುತ್ತದೆ, ಅವರು ಬರುತ್ತಾರೆ. ಡಬ್ಬಿ ಮಹಾರಾಜ ತಲೆ ಎತ್ತದೆ ಮೇಜನ್ನೇ ಒರೆಸುತ್ತಿದ್ದ. ಮೇಜು ಆಗಲೇ ಫಳಫಳ ಹೊಳೆಯುತ್ತಿತ್ತು.

ಅಮ್ಮ ತಾನೇ ಮೂರನ್ನೂ ಬಾಯಿಗೆ ಹಾಕಿಕೊಂಡಳು. ಹುಬ್ಬು ಗಂಟಿಕ್ಕಿತು.

"ಅಲ್ಲಾ ಸರ್, ಬೆಳ್ಳುಳ್ಳಿ ಧಾರಾಳವಾಗಿರಲಿ, ಅದಿಲ್ದೆ ಅವರಿಗೆ ತುತ್ತು ಇಳಿಯಲ್ಲ ಅಂತ ಎರಡೆರಡು ಸಲ ಹೇಳಿದ್ದೆ. ಮೂರರಲ್ಲೂ ಒಂದು ಎಸಳೂ ಇಲ್ವಲ್ಲ!"

ಅವನು ಗಾಬರಿಯಿಂದ ಒಂದೊಂದನ್ನೇ ರುಚಿ ನೋಡಿದ. ಕಿವಿ ಕೆಂಪಾಯಿತು.

"ಮರೆತುಹೋಯ್ತಮ್ಮಾ."

"ಮೂರಕ್ಕೂ?"

"ಇವರ ಡಬ್ಬಿಗೆ ನಾನು ಹಾಕಲ್ಲ. ಈ ಮನೆಗೆ ಅಂತ ಒಲೆ ಹಚ್ಚಿದೆ ನೋಡಿ, ಕೈ ತಾನಾಗೇ ಬಿಟ್ಟುಬಿಡ್ತು."

ಬೆಳ್ಳುಳ್ಳಿ ನನಗೆ ಸೇರುವುದಿಲ್ಲ ಎಂದು ನಾನು ಯಾವತ್ತೂ ಹೇಳಿದವಳಲ್ಲ. ಮೊದಲ ವಾರ ಎಸಳುಗಳನ್ನು ಆರಿಸಿ ಡಬ್ಬಿಯ ಅಂಚಿಗೆ ಸರಿಸಿದ್ದೆ, ಅಷ್ಟೇ. ಆಮೇಲೆ ಬರಲೇ ಇಲ್ಲ. ಇವನ ಅಡುಗೆಯೇ ಹಾಗೆ ಎಂದುಕೊಂಡಿದ್ದೆ.

"ಹಾಗಾದ್ರೆ ಉಳಿದವರಿಗೆ?" ಎಂದೆ.

"ಅವರಿಗೆ ಹಾಕ್ತೀನಿ. ನಿಮ್ಮದು ಬೇರೆ ಬಾಣಲೆ."

"ದಿನಾ?"

"ದಿನಾ."

ಅಮ್ಮ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಅವನು ಅವಸರದಲ್ಲಿ ಡಬ್ಬಿ ಮುಚ್ಚತೊಡಗಿದ.

"ಅಡುಗೆ ನಾಳೆ ಸರಿಯಾಗಿರುತ್ತಮ್ಮಾ. ಬಡಿಸೋಕೆ ಮಾತ್ರ ಬೇರೆಯವರನ್ನ ಕಳಿಸ್ತೀನಿ."

"ಯಾಕೆ?" ನಾನೇ ಕೇಳಿದೆ.

ಆಗ ಅವನು ತಲೆ ಎತ್ತಿದ. "ನಿಮಗೆ ಊಟ ಕೊಡೋದು ಅಭ್ಯಾಸ ಇದೆ. ನಿಮ್ಮ ಪಕ್ಕ ಕೂತವರಿಗೆ ಬಡಿಸೋಕೆ ನನ್ನ ಕೈಲಾಗಲ್ಲ."

ಇನ್ನು ಸುಮ್ಮನಿದ್ದರೆ ಜೀವನವಿಡೀ ಸುಮ್ಮನಿರಬೇಕಾಗುತ್ತದೆ ಎನ್ನಿಸಿತು. ಅಪ್ಪನ ಮುಂದೆ ಹೋಗಿ ನಿಂತೆ.

"ಅಪ್ಪಾ, ಅವತ್ತು ಮಾವನಿಗೆ ನೋವಾಗಬಾರದು ಅಂತ ಹೂಂ ಅಂದೆ. ನನಗೆ ಆ ಮದುವೆ ಬೇಡ. ನನಗೆ ಇವರು ಬೇಕು."

ಅಪ್ಪ ಪೇಪರ್ ಮಡಚಿಟ್ಟರು. ಆಮೇಲೆ ಅವನ ಕಡೆ ತಿರುಗಿದರು. "ನೀವೇನಂತೀರಿ?"

"ವರ್ಷದಿಂದ ಹೇಳ್ಬೇಕು ಅಂತಿದ್ದೆ ಸರ್. ಉಪ್ಪಿನ ವಿಚಾರ ಬಿಟ್ಟು ಮಾತು ಮುಂದಕ್ಕೆ ಹೋಗ್ತಾನೇ ಇರಲಿಲ್ಲ."

ಅಪ್ಪ ನಗಲಿಲ್ಲ. ಫೋನ್ ಎತ್ತಿಕೊಂಡರು. ಸ್ನೇಹಿತನಿಗೆ ಸುತ್ತಿಬಳಸದೆ ಎಲ್ಲವನ್ನೂ ಹೇಳಿದರು. "ನಿನ್ನ ಋಣ ನನ್ನ ಮೇಲಿದೆ ಕಣೋ, ಅವಳ ಮೇಲಲ್ಲ. ಸಾಯೋವರೆಗೂ ಇರುತ್ತೆ. ಊಟಕ್ಕೆ ಮಾತ್ರ ತಪ್ಪಿಸ್ಬೇಡ," ಎಂದರು.

ಆ ಕಡೆಯಿಂದ ಫೋನ್ ಕಟ್ಟಾಯಿತು. ಅಪ್ಪ ಅದನ್ನು ಕಿವಿಗೆ ಹಿಡಿದುಕೊಂಡೇ ಕೂತರು, ಕಣ್ಣು ತುಂಬಿತ್ತು. ನಾನು ಅವರ ಕಾಲ ಬಳಿ ಕುಸಿದು ಕೂತೆ. ಗೆದ್ದೆ ಎಂದು ಒಂದು ಚೂರೂ ಅನ್ನಿಸಲಿಲ್ಲ. ಅಪ್ಪ ನನ್ನ ತಲೆ ಸವರಿದರು.

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳು ಧಡಬಡ ಸದ್ದು ಮಾಡಿದವು.

"ನಾಳೆಯ ಊಟ ಕ್ಯಾನ್ಸಲ್ಲಾ ಸರ್?" ಎಂದ ಡಬ್ಬಿ ಮಹಾರಾಜ, ಕೇಳಿಸದಷ್ಟು ಮೆಲ್ಲಗೆ.

"ಯಾಕೆ? ಐದು ಜನಕ್ಕೇ ಮಾಡಿ," ಎಂದರು ಅಪ್ಪ. "ಅವನ ಕೋಪ ನಾನು ನೋಡಿದ್ದೀನಿ, ಹೆಚ್ಚು ಹೊತ್ತು ಇರಲ್ಲ, ಬಂದರೂ ಬಂದಾನು. ಬರದಿದ್ರೆ ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ."

ಅಡುಗೆಮನೆಯ ಸದ್ದು ತಟ್ಟನೆ ನಿಂತಿತು. ಆರು ಗಂಟೆಗೆ ಇನ್ನು ಎರಡು ನಿಮಿಷವಿತ್ತು. ಅಮ್ಮ ಚೀಟಿ, ಪೆನ್ನು ಹಿಡಿದು ಹೊರಗೆ ಬಂದಳು. ನನ್ನ ಕಡೆ ನೋಡಲೂ ಇಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಅವನ ಎದುರು ಕುರ್ಚಿ ಎಳೆದು ಕೂತಳು.

"ನಿಮ್ಮಮ್ಮನಿಗೆ ಮೀನು ಆಗುತ್ತೇನಪ್ಪಾ?"